ಆರೋಗ್ಯ ವೃತ್ತಿ ವಿದ್ಯಾರ್ಥಿಗಳಿಗೆ ಉದ್ಯಮದ ವ್ಯಾಖ್ಯೆ ಸಾಲದು, ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಲ್ಯಾಬ್ ಟೆಕ್ನಿಷಿಯನ್, ದಂತ ಚಿಕಿತ್ಸಾ ಸಹಾಯಕರು, ಎಕ್ಸ್‌ರೇ ತಂತ್ರಜ್ಞರು, ಕನ್ನಡಕ ಅಳವಡಿಸುವವರು, ಫಿಸಿಯೊಥೆರಪಿ ಸಹಾಯಕರು, ಮನೆಗೇ ಹೋಗಿ ಶುಶ್ರೂಷೆ ಮಾಡುವವರು ಇವರಿಗೆಲ್ಲ ತರಬೇತಿ ಕೊಡುವ ಕೋರ್ಸುಗಳಲ್ಲಿ ಉದ್ಯಮಶೀಲತೆ ಮತ್ತು ಸಣ್ಣ ವ್ಯವಹಾರ ನಿರ್ವಹಣೆ ಒಂದು ವಿಷಯವಾಗಿ ಸೇರಿಕೊಳ್ಳುತ್ತಿದೆ. ಸೇರಬೇಕಾದದ್ದೇ. ಇಂಥ ವೃತ್ತಿ ಕಲಿತವರಲ್ಲಿ ಅನೇಕರು ಇಬ್ಬರು ಮೂವರು ದುಡಿಯುವ ಸಣ್ಣ ಘಟಕಗಳಲ್ಲಿ ಕೆಲಸ ಹಿಡಿಯುತ್ತಾರೆ, ಕೆಲವರು ಸ್ವಂತದ್ದು ತೆರೆಯುತ್ತಾರೆ. ಆದರೆ ಅದನ್ನು ಕಲಿಸುವ ರೀತಿ ನೋಡಿದರೆ ಸಂಕಟವಾಗುತ್ತದೆ. ‘ಉದ್ಯಮಿ ಎಂದರೆ ಯಾರು? ಅವನ ಗುಣಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಧೈರ್ಯ, ಛಲ, ದೂರದೃಷ್ಟಿ ಎಂದು ಬಾಯಿಪಾಠ ಒಪ್ಪಿಸಿದರೆ ಪೂರ್ತಿ ಅಂಕ. ಅದೇ ವಿದ್ಯಾರ್ಥಿಯನ್ನು ‘ಒಂದು ಸಕ್ಕರೆ ಪರೀಕ್ಷೆ ಮಾಡಲು ನಿನಗೆ ತಗಲುವ ಖರ್ಚೆಷ್ಟು?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಇದು ಪಠ್ಯಕ್ರಮದ ಸಣ್ಣ ಕೊರತೆ ಎಂದು ತಳ್ಳಿಹಾಕುವಂತಿಲ್ಲ. ಬೇರೆ ವ್ಯಾಪಾರದಲ್ಲಿ ಲೆಕ್ಕ ತಪ್ಪಿದರೆ ಮಾಲೀಕ ಕೈ ಸುಟ್ಟುಕೊಳ್ಳುತ್ತಾನೆ. ಆರೋಗ್ಯ ಸೇವೆಯಲ್ಲಿ ಆ ನಷ್ಟ ರೋಗಿಯ ಮೇಲೂ ಬೀಳುತ್ತದೆ. ದರ ಕಟ್ಟುವುದರಲ್ಲಿ ಎಡವಿದ ಲ್ಯಾಬು ಮೊದಲು ಕೈಬಿಡುವುದು ಗುಣಮಟ್ಟದ ಪರೀಕ್ಷೆಯನ್ನು. ಉಪಕರಣಗಳಿಗೆ ಹಣ ಎತ್ತಿಡದ ದಂತ ಚಿಕಿತ್ಸಾಲಯ ಮೊದಲು ಕತ್ತರಿಸುವುದು ಸ್ಟೆರಿಲೈಸ್ ಮಾಡುವ ಸಮಯವನ್ನು. ಹಾಗಾಗಿ ಈ ವಿಷಯವನ್ನು ವಾಣಿಜ್ಯದ ಒಂದು ತುಣುಕಾಗಿ ಕೊನೆಯ ಪೀರಿಯಡ್ಡಿಗೆ ದೂಡದೆ, ಲ್ಯಾಬಿನ ಮೇಜಿನ ಮೇಲೆಯೇ, ವಿದ್ಯಾರ್ಥಿ ದಿನವೂ ಮಾಡುವ ಕೆಲಸದ ಲೆಕ್ಕವಾಗಿ ಕಲಿಸಬೇಕು ಎಂಬುದು ನಮ್ಮ ಒತ್ತಾಯ.

ಸಕ್ಕರೆ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ರಕ್ತದ ಅಂಶಗಳನ್ನು ಅಳೆಯುವ ಯಂತ್ರವಾದ ಸೆಮಿ ಆಟೋ ಅನಲೈಸರ್‌ನಲ್ಲಿ ಸಾಮಾನ್ಯವಾಗಿ ಒಂದು ಪರೀಕ್ಷೆಗೆ 1 ಮಿಲಿ ರೀಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ ದ್ರಾವಣ), 10 ಮೈಕ್ರೋಲೀಟರ್ ಸೀರಮ್ (ರಕ್ತದ ತಿಳಿ ಭಾಗ) ಬೇಕು. 200 ಮಿಲಿ ಬಾಟಲಿಯ ಮೇಲೆ ‘200 ಪರೀಕ್ಷೆಗಳು’ ಎಂದೇ ಅಚ್ಚಾಗಿರುತ್ತದೆ. ವಿದ್ಯಾರ್ಥಿ ಬಾಟಲಿಯ ಬೆಲೆಯನ್ನು 200ರಿಂದ ಭಾಗಿಸಿ ಒಂದರ ಖರ್ಚು ಇಷ್ಟು ಎಂದು ಬರೆಯುತ್ತಾನೆ. ತಪ್ಪು ಶುರುವಾಗುವುದೇ ಇಲ್ಲಿ. ದಿನ ಬೆಳಗಾದರೆ ಒಂದು ಬ್ಲ್ಯಾಂಕ್ (ಮಾದರಿ ಸೇರಿಸದ ಬರೀ ರೀಏಜೆಂಟ್), ಒಂದು ಸ್ಟ್ಯಾಂಡರ್ಡ್ (ಸಕ್ಕರೆಯ ಪ್ರಮಾಣ ಗೊತ್ತಿರುವ ದ್ರಾವಣ), ಎರಡು ಮಟ್ಟದ ಕಂಟ್ರೋಲ್ (ಅಳತೆ ಸರಿಯಿದೆಯೇ ಎಂದು ನೋಡಲು ಹಾಕುವ, ಉತ್ತರ ಮೊದಲೇ ಗೊತ್ತಿರುವ ಮಾದರಿ) ಓಡಿಸಬೇಕು. 4 ಮಿಲಿ ಅಲ್ಲಿಗೇ ಹೋಯಿತು. ದಿನಕ್ಕೆ ಹತ್ತು ರೋಗಿಗಳು, ಸಂಶಯ ಬಂದು ಮತ್ತೆ ಮಾಡಿದ ಒಂದು ಪರೀಕ್ಷೆ ಎಂದಿಟ್ಟುಕೊಂಡರೆ ದಿನಕ್ಕೆ 15 ಮಿಲಿ. ಬಾಟಲಿ 13 ದಿನಕ್ಕೆ ಬರಿದಾಗುತ್ತದೆ, ಪೈಪೆಟ್ಟಿಗೆ ಸಿಗದ 5 ಮಿಲಿ ತಳದಲ್ಲಿ ಉಳಿಯುತ್ತದೆ. ವರದಿ ಪಡೆದವರು 130 ಜನ. ಅಂದರೆ ರೀಏಜೆಂಟಿನ ನಿಜವಾದ ಖರ್ಚು ಡಬ್ಬದ ಮೇಲಿನ ಲೆಕ್ಕದ ಸುಮಾರು ಒಂದೂವರೆ ಪಟ್ಟು.

ದಿನಕ್ಕೆ ಇಬ್ಬರೇ ಬಂದರೆ? ಮರುಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ದಿನಕ್ಕೆ 6 ಮಿಲಿ, ಬಾಟಲಿಗೆ 32 ದಿನ, 64 ಜನ. ಖರ್ಚು ಮೂರು ಪಟ್ಟು. ದಿನಕ್ಕೆ 40 ಜನ ಬರುವ ಕಡೆ ಅದೇ ಬಾಟಲಿ ಸುಮಾರು 175 ಜನಕ್ಕೆ ಒದಗುತ್ತದೆ. ಈ ಮೂರು ಸಾಲುಗಳನ್ನು ಬೋರ್ಡಿನ ಮೇಲೆ ಬರೆದರೆ, ದೊಡ್ಡ ಲ್ಯಾಬಿನ ದರವನ್ನು ನೋಡಿ ಚಿಕ್ಕ ಲ್ಯಾಬು ತನ್ನ ದರ ಕಟ್ಟಲಾಗದು ಎಂಬುದು ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ವಾರಕ್ಕೊಮ್ಮೆ ಬರುವ ಅಪರೂಪದ ಪರೀಕ್ಷೆಗೆ ಕಿಟ್ ತರಿಸಿ ಅವಧಿ ಮುಗಿದು ಚೆಲ್ಲುವ ಬದಲು, ಮಾದರಿಯನ್ನು ದೊಡ್ಡ ಲ್ಯಾಬಿಗೆ ಕಳಿಸುವುದೇ ಲಾಭ ಎಂಬ ತೀರ್ಮಾನವೂ ಇದೇ ಲೆಕ್ಕದಿಂದ ತಾನಾಗಿ ಹೊರಡುತ್ತದೆ.

ಇಷ್ಟಾದ ಮೇಲೆ ಒಬ್ಬ ವಿದ್ಯಾರ್ಥಿಯಾದರೂ ಕೇಳಿಯೇ ಕೇಳುತ್ತಾನೆ: ‘ಸರ್, ಕಂಟ್ರೋಲ್ ದಿನಾ ಯಾಕೆ ಹಾಕಬೇಕು? ವಾರಕ್ಕೊಮ್ಮೆ ಹಾಕಿದರೆ ಎಷ್ಟು ಉಳಿಯುತ್ತೆ!’ ಆ ಪ್ರಶ್ನೆ ಬಂದರೆ ಪಾಠ ಸರಿಯಾದ ದಾರಿಯಲ್ಲಿದೆ ಎಂದರ್ಥ. ಬೋಧಕರು ಗದರಿಸಿ ಕೂರಿಸಬಾರದು. ಕಾರ್ಖಾನೆಯ ಮಾಲಿನ ಏರಿಳಿತ ಹಿಡಿಯಲು ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ನಕ್ಷೆಯನ್ನು 1950ರಲ್ಲಿ ಲೀವಿ ಮತ್ತು ಜೆನಿಂಗ್ಸ್ ವೈದ್ಯಕೀಯ ಲ್ಯಾಬಿಗೆ ತಂದರು. 1981ರಲ್ಲಿ ವೆಸ್ಟ್‌ಗಾರ್ಡ್ ಅದಕ್ಕೆ ಹಲವು ನಿಯಮಗಳ ಚೌಕಟ್ಟು ಕೊಟ್ಟರು. ಕಂಟ್ರೋಲಿನ ಅಂಕಿ ಸರಾಸರಿಯಿಂದ ಮೂರು ಎಸ್‌ಡಿ (ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರುತ್ತವೆ ಎಂಬುದರ ಅಳತೆ) ಆಚೆ ಬಿದ್ದರೆ, ಅಥವಾ ಸತತ ಎರಡು ಸಲ ಒಂದೇ ಕಡೆಗೆ ಎರಡು ಎಸ್‌ಡಿ ದಾಟಿದರೆ ಅಂದಿನ ವರದಿ ಹೊರಹೋಗಬಾರದು. ವಿದ್ಯಾರ್ಥಿಗೆ ಮೂವತ್ತು ದಿನಗಳ ಅಂಕಿ ಕೊಟ್ಟು ನಕ್ಷೆ ಬರೆಸಿ. ಹದಿನೈದನೇ ದಿನದಿಂದ ನಿಧಾನಕ್ಕೆ ಕೆಳಗಿಳಿಯುವಂತೆ ಅಂಕಿಗಳನ್ನು ಜೋಡಿಸಿರಿ. ತೆರೆದಿಟ್ಟ ರೀಏಜೆಂಟ್ ಹದಗೆಡುತ್ತ ಹೋದರೆ ನಕ್ಷೆ ಕಾಣುವುದು ಹಾಗೆಯೇ. ಆಮೇಲೆ ವಾರಕ್ಕೊಂದು ಚುಕ್ಕೆ ಮಾತ್ರ ಬಿಟ್ಟು ಉಳಿದವನ್ನು ಅಳಿಸಲು ಹೇಳಿ. ಇಳಿತ ಕಣ್ಣಿಗೆ ಬೀಳುವಷ್ಟರಲ್ಲಿ ಎಷ್ಟು ಜನರ ಕೈಗೆ ತಪ್ಪು ವರದಿ ಹೋಗಿರುತ್ತದೆ ಎಂದು ಅವನೇ ಎಣಿಸಲಿ. ಕಂಟ್ರೋಲನ್ನು ‘ಇತರೆ ಖರ್ಚು’ ಎಂಬ ಕೊನೆಯ ಸಾಲಿನಲ್ಲಿ ಅಡಗಿಸದೆ, ದರಪಟ್ಟಿಯ ಮೊದಲ ಸಾಲಿನಲ್ಲೇ ಬರೆಯಿಸುವುದು ನಾವು ಕಂಡುಕೊಂಡ ಉಪಾಯ. ಮೊದಲ ಸಾಲಿನಲ್ಲಿ ಇರುವುದನ್ನು ಕತ್ತರಿಸಲು ಕೈ ಹಿಂಜರಿಯುತ್ತದೆ.

ಮುಂದಿನದು ಅಸಲು ಗಿಟ್ಟುವ ಹಂತ, ಅಂದರೆ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಖರ್ಚು ಸರಿದೂಗುವ ಹಂತ. ಇದನ್ನು ಸೂತ್ರವಾಗಿ ಕಲಿಸುವ ಪುಸ್ತಕಗಳು ಬೇಕಾದಷ್ಟಿವೆ, ಕೆಲಸದ ಸಮಯದ ಜೊತೆ ತಾಳೆ ನೋಡಿಸುವ ಪುಸ್ತಕ ಕಡಿಮೆ. ಮನೆಗೆ ಹೋಗಿ ಗಾಯಕ್ಕೆ ಡ್ರೆಸಿಂಗ್ ಮಾಡುವ ಒಬ್ಬ ಶುಶ್ರೂಷಕಿಯ ಲೆಕ್ಕ ಹಾಕೋಣ. ಯಾವ ದೇಶದ ನಾಣ್ಯವಾದರೂ ಸರಿ, ಬರೀ ಅಂಕಿ ಸಾಕು. ಒಂದು ಭೇಟಿಯ ಶುಲ್ಕ 200. ಗ್ಲೌಸ್, ಡ್ರೆಸಿಂಗ್ ಪ್ಯಾಕ್, ಓಡಾಟ ಸೇರಿ ಪ್ರತಿ ಭೇಟಿಗೆ ತಗಲುವುದು 80. ಕೈಯಲ್ಲಿ ಉಳಿಯುವುದು 120. ಫೋನು, ವಿಮೆ, ಸಲಕರಣೆಯ ಸವಕಳಿ, ಮುಖ್ಯವಾಗಿ ಅವಳ ಸ್ವಂತ ಸಂಬಳ ಸೇರಿ ತಿಂಗಳ ಸ್ಥಿರ ಖರ್ಚು 18,000. ಭಾಗಿಸಿದರೆ ತಿಂಗಳಿಗೆ 150 ಭೇಟಿ, 25 ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ ಆರು. ಭೇಟಿಗೆ 40 ನಿಮಿಷ, ದಾರಿಗೆ 20 ನಿಮಿಷ ಎಂದರೆ ಎಂಟು ಗಂಟೆಯಲ್ಲಿ ಎಂಟು ಭೇಟಿ ಸಾಧ್ಯ. ವ್ಯವಹಾರ ನಡೆಯುತ್ತದೆ.

ಈಗ ಪೈಪೋಟಿಗೆ ಬಿದ್ದು ಶುಲ್ಕವನ್ನು ಶೇ 20 ಇಳಿಸಿದಳು ಎನ್ನಿ. 160ರಲ್ಲಿ 80 ಕಳೆದರೆ ಉಳಿಯುವುದು 80. ಬೇಕಾಗುವ ಭೇಟಿಗಳು 225, ದಿನಕ್ಕೆ ಒಂಬತ್ತು. ಶೇ 20 ಇಳಿಸಿದರೆ ಶೇ 20ರಷ್ಟು ಹೆಚ್ಚು ರೋಗಿಗಳು ಬಂದರೆ ಸಾಕು ಎಂದು ವಿದ್ಯಾರ್ಥಿಗಳು ಊಹಿಸಿರುತ್ತಾರೆ. ನಿಜಕ್ಕೂ ಬೇಕಾದದ್ದು ಶೇ 50ರಷ್ಟು ಹೆಚ್ಚು. ಅದರ ಮೇಲೆ ರೋಗಿಯನ್ನು ಕಳಿಸಿದವರಿಗೆ ಶೇ 10 ಕಮಿಷನ್ ಕೊಡಲು ಒಪ್ಪಿದರೆ ಉಳಿಕೆ 64ಕ್ಕೆ ಇಳಿಯುತ್ತದೆ, ಭೇಟಿಗಳು 282ಕ್ಕೆ ಏರುತ್ತವೆ, ದಿನಕ್ಕೆ ಹನ್ನೊಂದಕ್ಕೂ ಹೆಚ್ಚು. ಒಬ್ಬಳ ಕೈಲಾಗುವುದು ಎಂಟು. ಉಳಿದ ಮೂರು ಭೇಟಿಗಳ ಸಮಯ ಎಲ್ಲಿಂದ ಬರಬೇಕು? 40 ನಿಮಿಷದ ಕೆಲಸವನ್ನು 20 ನಿಮಿಷಕ್ಕೆ ಮುಗಿಸಬೇಕು. ಕೈ ತೊಳೆಯುವುದು, ಗಾಯದ ಅಳತೆ ಬರೆದಿಡುವುದು, ಮನೆಯವರಿಗೆ ಎಚ್ಚರಿಕೆಯ ಲಕ್ಷಣ ಹೇಳುವುದು ಒಂದೊಂದಾಗಿ ಬಿಟ್ಟುಹೋಗುತ್ತವೆ. ಕಮಿಷನ್ ನೀತಿಗೆಟ್ಟದ್ದು ಎಂದು ಒಂದು ಗಂಟೆ ಭಾಷಣ ಮಾಡುವುದಕ್ಕಿಂತ ಈ ಲೆಕ್ಕವನ್ನು ವಿದ್ಯಾರ್ಥಿಯ ಕೈಯಲ್ಲೇ ಮಾಡಿಸುವುದು ಹೆಚ್ಚು ನಾಟುತ್ತದೆ. ನೀತಿಯನ್ನು ಬೇರೆ ಅಧ್ಯಾಯ ಮಾಡಿ ಕೊನೆಗಿಟ್ಟರೆ ಅದು ಪರೀಕ್ಷೆಯ ಹಿಂದಿನ ರಾತ್ರಿ ಓದುವ ಅಧ್ಯಾಯವಾಗುತ್ತದೆ.

ಸ್ವಂತ ಸಂಬಳವನ್ನು ಸ್ಥಿರ ಖರ್ಚಿನಲ್ಲಿ ಬರೆಯದಿರುವುದು ಬಹುತೇಕ ಎಲ್ಲ ವಿದ್ಯಾರ್ಥಿಗಳೂ ಮಾಡುವ ತಪ್ಪು. ‘ನನ್ನದೇ ಅಂಗಡಿ, ನನಗ್ಯಾಕೆ ಸಂಬಳ, ಲಾಭವೆಲ್ಲ ನನ್ನದೇ ಅಲ್ವಾ’ ಎನ್ನುತ್ತಾರೆ. ತಾನು ಕಾಯಿಲೆ ಬಿದ್ದ ದಿನ ಬದಲಿ ಆಳನ್ನು ಇಡಲು ಹೊರಟಾಗ ಆ ದುಡ್ಡು ಲೆಕ್ಕದಲ್ಲೇ ಇರುವುದಿಲ್ಲ. ಯಂತ್ರದ ಸವಕಳಿಯೂ ಹೀಗೆಯೇ. ಐದು ವರ್ಷ ಬಾಳುವ ಯಂತ್ರದ ಬೆಲೆಯ ಅರವತ್ತನೇ ಒಂದು ಭಾಗ ಪ್ರತಿ ತಿಂಗಳ ಖರ್ಚು. ಅದನ್ನು ಬೇರೆ ಖಾತೆಗೆ ಎತ್ತಿಡದಿದ್ದರೆ ಆರನೇ ವರ್ಷ ಮತ್ತೆ ಸಾಲ. ಪೈಪೆಟ್ಟುಗಳ ಕ್ಯಾಲಿಬ್ರೇಷನ್, ಅನಲೈಸರ್ ದೀಪ, ವಾರ್ಷಿಕ ನಿರ್ವಹಣಾ ಒಪ್ಪಂದ ಇವನ್ನೂ ಹನ್ನೆರಡರಿಂದ ಭಾಗಿಸಿ ಬರೆಯಿಸಬೇಕು.

ಯಂತ್ರದ ಮಾತು ಬಂದಾಗ ಇನ್ನೊಂದು. ‘ಯಂತ್ರ ಉಚಿತ, ರೀಏಜೆಂಟ್ ಮಾತ್ರ ನಮ್ಮಲ್ಲೇ ಕೊಳ್ಳಬೇಕು, ತಿಂಗಳಿಗೆ ಇಂತಿಷ್ಟು ಪರೀಕ್ಷೆ ಆಗಲೇಬೇಕು’ ಎಂಬ ಒಪ್ಪಂದಗಳು ಲ್ಯಾಬ್ ಕ್ಷೇತ್ರದಲ್ಲಿ ಸಾಮಾನ್ಯ. ಕೆಟ್ಟ ಒಪ್ಪಂದವೆಂದು ಸಾರಾಸಗಟಾಗಿ ಹೇಳಲಾಗದು. ಬಂಡವಾಳ ಇಲ್ಲದವರಿಗೆ ಅದು ದಾರಿ. ಆದರೆ ಕನಿಷ್ಠ ಪರೀಕ್ಷೆಯ ಸಂಖ್ಯೆ ಮುಟ್ಟದ ತಿಂಗಳಲ್ಲಿ ಏನಾಗುತ್ತದೆ, ಒಪ್ಪಂದದ ನಡುವೆ ರೀಏಜೆಂಟ್ ಬೆಲೆ ಏರಿಸುವ ಹಕ್ಕು ಯಾರಿಗಿದೆ, ಯಂತ್ರ ಕೆಟ್ಟರೆ ಎಷ್ಟು ಗಂಟೆಯೊಳಗೆ ರಿಪೇರಿಗೆ ಬರುತ್ತಾರೆ, ಬೇರೆ ಕಂಪನಿಯ ರೀಏಜೆಂಟ್ ಅದರಲ್ಲಿ ಓಡುತ್ತದೆಯೇ ಎಂಬ ನಾಲ್ಕು ಪ್ರಶ್ನೆ ಕೇಳದೆ ಸಹಿ ಹಾಕಬಾರದು. ಒಂದು ಮಾದರಿ ಒಪ್ಪಂದ ಕೊಟ್ಟು ಈ ನಾಲ್ಕಕ್ಕೂ ಉತ್ತರ ಎಲ್ಲಿದೆ ಎಂದು ಗೆರೆ ಎಳೆಯಿಸುವುದು ಒಂದು ಒಳ್ಳೆಯ ತರಗತಿ ಅಭ್ಯಾಸ. ಎಷ್ಟೋ ಕಡೆ ಉತ್ತರವೇ ಸಿಗುವುದಿಲ್ಲ. ಅದನ್ನು ಗುರುತಿಸುವುದೇ ಕಲಿಕೆ.

ಸಾಲದ ವಿಷಯದಲ್ಲಿಯೂ ಅಷ್ಟೇ. ‘ಫ್ಲಾಟ್ ಶೇ 12’ ಎಂದು ಮೂರು ವರ್ಷಕ್ಕೆ ಸಾಲ ಪಡೆದರೆ, ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಮೊತ್ತಕ್ಕೇ ಬೀಳುತ್ತದೆ. 100ಕ್ಕೆ 36 ಬಡ್ಡಿ ಸೇರಿ 136ನ್ನು 36 ಕಂತುಗಳಲ್ಲಿ ಕಟ್ಟಬೇಕು. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ 21ರ ಬಡ್ಡಿಗೆ ಸಮ. ಶೇ 15 ರೆಡ್ಯೂಸಿಂಗ್ (ಉಳಿದ ಅಸಲಿಗಷ್ಟೇ ಬಡ್ಡಿ ಬೀಳುವ) ಸಾಲ ದುಬಾರಿ, ಶೇ 12 ಫ್ಲಾಟ್ ಅಗ್ಗ ಎಂದುಕೊಳ್ಳುವ ವಿದ್ಯಾರ್ಥಿಗೆ ಕಂತಿನ ಪಟ್ಟಿಯನ್ನು ಸಾಲು ಸಾಲಾಗಿ ತುಂಬಿಸಿದರೆ ಭ್ರಮೆ ಹರಿಯುತ್ತದೆ.

ಲಾಭವಿದ್ದೂ ವ್ಯವಹಾರ ಮುಳುಗುವುದು ಹೇಗೆ? ಈ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಜಾಗವೇ ಇರುವುದಿಲ್ಲ. ಚಿಕ್ಕ ಲ್ಯಾಬೊಂದು ದೊಡ್ಡ ಸಂಸ್ಥೆಯೊಂದರ ನೌಕರರ ತಪಾಸಣೆಯ ಗುತ್ತಿಗೆ ಹಿಡಿಯಿತು ಎನ್ನಿ. ತಿಂಗಳಿಗೆ 50,000 ಬಿಲ್, ಖರ್ಚು 40,000. ಕಾಗದದ ಮೇಲೆ ಮೊದಲ ತಿಂಗಳಿನಿಂದಲೇ 10,000 ಲಾಭ. ಆದರೆ ಬಿಲ್ಲಿನ ಹಣ ಬರುವುದು ಎರಡು ತಿಂಗಳ ನಂತರ. ರೀಏಜೆಂಟ್, ಸಂಬಳ, ಬಾಡಿಗೆ ಆಯಾ ತಿಂಗಳೇ ಕಟ್ಟಬೇಕು. ಮೊದಲ ತಿಂಗಳ ಕೊನೆಗೆ ಕೈಯಿಂದ ಹಾಕಿದ್ದು 40,000, ಎರಡನೆಯದರ ಕೊನೆಗೆ 80,000. ಮೂರನೇ ತಿಂಗಳು ಹಣ ಬರಲು ಶುರುವಾದರೂ ತಿಂಗಳಿಗೆ ಉಳಿಯುವುದು ಹತ್ತೇ ಸಾವಿರ. ಹಾಕಿದ ದುಡ್ಡು ಪೂರ್ತಿ ವಾಪಸಾಗುವುದು ಹತ್ತನೇ ತಿಂಗಳ ಕೊನೆಗೆ. 80,000 ಕೈಯಲ್ಲಿ ಇಲ್ಲದಿದ್ದರೆ ಲಾಭದ ಗುತ್ತಿಗೆಯೇ ಲ್ಯಾಬನ್ನು ಮುಚ್ಚಿಸುತ್ತದೆ. ಇಂಥ ಹೊತ್ತಲ್ಲಿ ಗುತ್ತಿಗೆ ದುಪ್ಪಟ್ಟಾದರೆ ಹಳ್ಳ ಇನ್ನೂ ಆಳವಾಗುತ್ತದೆ. ಹತ್ತು ತಿಂಗಳ ಹತ್ತು ಕಾಲಂ ಎಳೆದು, ಬಂದದ್ದು, ಹೋದದ್ದು, ಕೈಯಲ್ಲಿರುವುದು ಎಂಬ ಮೂರೇ ಸಾಲು ತುಂಬಿಸಿ. ಆಮೇಲೆ ‘ಮುಂಗಡ ಶೇ 30 ಕೇಳಿದ್ದರೆ?’, ‘ಉದ್ರಿ ಒಂದೇ ತಿಂಗಳಾಗಿದ್ದರೆ?’ ಎಂದು ಮತ್ತೆ ಮಾಡಿಸಿ. ಜಮಾ ಖರ್ಚಿನ ಜೋಡಿ ಪದ್ಧತಿಯನ್ನು ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದರೆಂಬುದನ್ನು ಕಲಿಸಬೇಡಿ ಎನ್ನುವುದಿಲ್ಲ, ಆದರೆ ಮೊದಲ ತಿಂಗಳಲ್ಲಿ ವಿದ್ಯಾರ್ಥಿಗೆ ಬೇಕಾದದ್ದು ದಿನದ ಕೊನೆಗೆ ಗಲ್ಲಾಪೆಟ್ಟಿಗೆಯ ಹಣವನ್ನು ನಗದು ಪುಸ್ತಕದ ಜೊತೆ ತಾಳೆ ನೋಡುವ ಅಭ್ಯಾಸ. ಮನೆಯ ಖರ್ಚಿಗೆ ಅದೇ ಪೆಟ್ಟಿಗೆಗೆ ಕೈ ಹಾಕಿದ ದಿನವೇ ಲೆಕ್ಕ ಕೆಡುತ್ತದೆ.

ದಾಸ್ತಾನಿನಲ್ಲಿ ವಾಣಿಜ್ಯದ ಪಾಠ ನೇರವಾಗಿ ಹೊಂದುವುದಿಲ್ಲ. ಒಮ್ಮೆಗೆ ಎಷ್ಟು ತರಿಸಿದರೆ ಲಾಭ ಎಂಬುದಕ್ಕೆ ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಸೂತ್ರವನ್ನು ಇಂದಿಗೂ ಕಲಿಸುತ್ತಾರೆ. ಆ ಮೂಲ ಸೂತ್ರಕ್ಕೆ ಎಕ್ಸ್‌ಪೈರಿ ದಿನಾಂಕ ಗೊತ್ತಿಲ್ಲ. ಸೂತ್ರ ಆರು ತಿಂಗಳಿನ ಮಾಲು ತರಿಸು ಎಂದರೂ, ತೆರೆದ ಬಾಟಲಿ ಒಂದು ತಿಂಗಳಷ್ಟೇ ಬಾಳುವುದಾದರೆ ಸಣ್ಣ ಬಾಟಲಿಗಳನ್ನೇ ತರಿಸಬೇಕು, ಬೆಲೆ ಸ್ವಲ್ಪ ಹೆಚ್ಚಾದರೂ. ಮೊದಲು ಬಂದದ್ದು ಮೊದಲು ಹೋಗಲಿ ಎಂಬ ನಿಯಮವೂ ಇಲ್ಲಿ ಸಾಲದು. ಮೊದಲು ಅವಧಿ ಮುಗಿಯುವುದು ಮೊದಲು ಹೋಗಬೇಕು, ಏಕೆಂದರೆ ನಿನ್ನೆ ಬಂದ ಡಬ್ಬದ ಅವಧಿ ಹೋದ ತಿಂಗಳು ಬಂದದ್ದಕ್ಕಿಂತ ಮೊದಲೇ ಮುಗಿಯಬಹುದು. ಮತ್ತೆ ಯಾವಾಗ ತರಿಸಬೇಕು ಎಂಬುದಕ್ಕೆ ಸರಳ ಲೆಕ್ಕ ಸಾಕು: ದಿನಕ್ಕೆ 20 ಸ್ಟ್ರಿಪ್, ಮಾಲು ಬರಲು 7 ದಿನ, ತಡವಾದರೆ ಇರಲೆಂದು 3 ದಿನ, ಒಟ್ಟು 200. ಕಪಾಟಿನಲ್ಲಿ 200 ಉಳಿದ ದಿನ ಆರ್ಡರ್ ಹೋಗಬೇಕು. ಇನ್ನು ಫ್ರಿಜ್. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾದದ್ದನ್ನು ಬಾಗಿಲಿನ ಅರೆಯಲ್ಲಿ ಇಟ್ಟರೆ ತೆರೆದಾಗಲೆಲ್ಲ ಬಿಸಿ ತಗಲುತ್ತದೆ, ಫ್ರೀಜರ್‌ಗೆ ತಾಗಿಸಿಟ್ಟರೆ ಹೆಪ್ಪುಗಟ್ಟಿ ಕೆಡುತ್ತದೆ. ಕೆಟ್ಟದ್ದು ಕಣ್ಣಿಗೆ ಕಾಣದು. ಒಳಗೆ ಥರ್ಮಾಮೀಟರ್ ಇಟ್ಟು ದಿನಕ್ಕೆ ಎರಡು ಸಲ ಬರೆದಿಡುವುದಕ್ಕೆ ಖರ್ಚಿಲ್ಲ. ಆ ಹಾಳೆಯೂ ವ್ಯವಹಾರದ ದಾಖಲೆಯೇ ಎಂದು ಕಲಿಸಬೇಕು.

ದಂತ ಸಹಾಯಕರ ತರಗತಿಗೆ ನಾವು ಕೊಡುವ ಲೆಕ್ಕ ಬೇರೆ. ಅರ್ಧ ಗಂಟೆಗೊಬ್ಬ ರೋಗಿ. ಬಳಸಿದ ಸಲಕರಣೆ ತೊಳೆದು, ಒಣಗಿಸಿ, ಪ್ಯಾಕ್ ಮಾಡಲು ಅರ್ಧ ಗಂಟೆ. ಒತ್ತಡದ ಹಬೆಯಿಂದ ಸೂಕ್ಷ್ಮಜೀವಿ ಕೊಲ್ಲುವ ಸಾಮಾನ್ಯ ಆಟೋಕ್ಲೇವ್‌ನಲ್ಲಿ ಪ್ಯಾಕ್ ಮಾಡಿದ ಸಲಕರಣೆಗೆ 121 ಡಿಗ್ರಿಯಲ್ಲಿ 30 ನಿಮಿಷ, ಆ ಎಣಿಕೆ ಶುರುವಾಗುವುದು ಒಳಗಿನ ಉಷ್ಣತೆ 121 ಮುಟ್ಟಿದ ಮೇಲೆ. ಬಿಸಿಯೇರುವುದು, ಒಣಗುವುದು, ಆರುವುದು ಸೇರಿದರೆ ಒಂದೂವರೆ ಗಂಟೆ ಹಿಡಿಯುತ್ತದೆ. ನಾಲ್ಕು ಸೆಟ್ ಕೂಡಿದ ಮೇಲೆ ಒಂದು ಲೋಡ್ ಹಾಕುವುದಾದರೆ ಎಷ್ಟು ಸೆಟ್ ಬೇಕು? ನಾಲ್ಕು ಸೆಟ್ ಕೂಡಲು ಎರಡು ಗಂಟೆ, ಅವು ತಯಾರಾಗಿ ಬರಲು ಇನ್ನೆರಡು ಗಂಟೆ. ಅಷ್ಟರಲ್ಲಿ ಎಂಟು ರೋಗಿಗಳು. ಹಾಗಾಗಿ ಕನಿಷ್ಠ ಎಂಟು, ನೆಲಕ್ಕೆ ಬಿದ್ದರೆ ಇರಲೆಂದು ಇನ್ನೊಂದು. ಬಂಡವಾಳ ಉಳಿಸಲು ನಾಲ್ಕೇ ಸೆಟ್ ಕೊಂಡವರು ಐದನೇ ರೋಗಿ ಬಂದಾಗ ಆಟೋಕ್ಲೇವ್‌ನ ಗಡಿಯಾರ ನೋಡುತ್ತ ನಿಲ್ಲುತ್ತಾರೆ. ಒದ್ದೆ ಪ್ಯಾಕನ್ನೇ ಹೊರತೆಗೆಯುತ್ತಾರೆ. ಒದ್ದೆ ಕಾಗದದ ಮೂಲಕ ಸೂಕ್ಷ್ಮಜೀವಿ ಒಳಹೋಗುತ್ತದೆ. ತಪ್ಪು ನಡೆದದ್ದು ಆ ಕ್ಷಣದಲ್ಲಲ್ಲ, ಸಲಕರಣೆಯ ಪಟ್ಟಿ ಬರೆದ ದಿನ.

ತ್ಯಾಜ್ಯವೂ ಖರ್ಚಿನ ಬಾಬ್ತು. ಆರೋಗ್ಯ ಸೇವೆಯ ತ್ಯಾಜ್ಯದಲ್ಲಿ ಸುಮಾರು ಶೇ 85 ಸಾಮಾನ್ಯ ಕಸ, ಶೇ 15 ಮಾತ್ರ ಅಪಾಯಕಾರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಪೂರ್ತಿ ಚೀಲ ಅಪಾಯಕಾರಿಯಾಗುತ್ತದೆ, ತೂಕದ ಮೇಲೆ ಕೊಡುವ ವಿಲೇವಾರಿ ಶುಲ್ಕವೂ ಅದೇ ಲೆಕ್ಕದಲ್ಲಿ ಏರುತ್ತದೆ. ಸೂಜಿಯ ಡಬ್ಬವನ್ನು ಮುಕ್ಕಾಲು ತುಂಬಿದಾಗ ಮುಚ್ಚಬೇಕು. ಡಬ್ಬದ ಖರ್ಚು ಉಳಿಸಲು ಕಂಠಪೂರ್ತಿ ತುಂಬಿ ಅದುಮಿದ ಕೈಗೆ ಸೂಜಿ ಚುಚ್ಚಿದರೆ ಆಗುವ ಖರ್ಚನ್ನು ಯಾವ ಡಬ್ಬದ ಬೆಲೆಯೂ ಸರಿದೂಗಿಸದು.

ಮಾರ್ಕೆಟಿಂಗ್ ಅಧ್ಯಾಯದ ಬಗ್ಗೆ ನಮಗೆ ಗಂಭೀರ ತಕರಾರಿದೆ. ‘ಗ್ರಾಹಕನಿಗೆ ಬೇಕಾದ್ದನ್ನು ಕೊಡಿ’ ಎಂಬ ಮಾತನ್ನು ಸಾಬೂನು ಮಾರುವವರ ಪಾಠದಿಂದ ಎತ್ತಿ ಇಲ್ಲಿ ಅಂಟಿಸಲಾಗಿದೆ. ಚಿಕಿತ್ಸೆಯಲ್ಲಿ ಕೊಳ್ಳುವವನಿಗೆ ತನಗೆ ಏನು ಬೇಕೆಂಬುದೇ ತಿಳಿದಿರುವುದಿಲ್ಲ, ಮಾರುವವನ ಮಾತನ್ನೇ ನಂಬಬೇಕು. ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಇದನ್ನು ವಿವರವಾಗಿ ತೋರಿಸಿದ್ದಾರೆ. ಇಪ್ಪತ್ತು ಪರೀಕ್ಷೆಗಳ ‘ಪೂರ್ಣ ದೇಹ ತಪಾಸಣೆ’ ಪ್ಯಾಕೇಜನ್ನು ನೋಡಿ. ಪರೀಕ್ಷೆಯ ಸಾಮಾನ್ಯ ಮಿತಿಯನ್ನು ಸಾಧಾರಣವಾಗಿ ಕಟ್ಟುವುದು ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಅದರೊಳಗೆ ಬರುವಂತೆ. ಅಂದರೆ ಆರೋಗ್ಯವಂತನಿಗೂ ಪ್ರತಿ ಪರೀಕ್ಷೆಯಲ್ಲಿ ಶೇ 5 ಮಿತಿ ಮೀರುವ ಸಾಧ್ಯತೆ ಇದೆ. ಪರೀಕ್ಷೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡು 0.95ನ್ನು ಇಪ್ಪತ್ತು ಸಲ ಗುಣಿಸಿದರೆ 0.36 ಬರುತ್ತದೆ. ಏನೂ ಕಾಯಿಲೆ ಇಲ್ಲದ ನೂರು ಜನರಲ್ಲಿ 64 ಮಂದಿಗೆ ಒಂದಾದರೂ ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ! ಅವರು ಗಾಬರಿಯಿಂದ ಮರುಪರೀಕ್ಷೆಗೆ ಬರುತ್ತಾರೆ, ಲ್ಯಾಬಿಗೆ ಆದಾಯವಾಗುತ್ತದೆ. ಆ ಆದಾಯವನ್ನು ಯೋಜನಾ ವರದಿಯಲ್ಲಿ ಬರೆಯಬಹುದೇ ಎಂದು ತರಗತಿಯಲ್ಲಿ ಚರ್ಚೆಗಿಡಿ. ಪ್ರಚಾರ ಬೇಡವೆಂದಲ್ಲ. ಸಮಯ, ದರ, ವರದಿ ಸಿಗುವ ಗಂಟೆ, ಯಾವ ಪರೀಕ್ಷೆಗೆ ಬರಿಹೊಟ್ಟೆ ಬೇಕು ಎಂಬುದನ್ನು ಸ್ಪಷ್ಟವಾಗಿ ಬರೆದ ಒಂದು ಫಲಕ ಒಳ್ಳೆಯ ಪ್ರಚಾರ.

ಬೇಡಿಕೆಯ ಸಮೀಕ್ಷೆಯಲ್ಲಿ ವಿದ್ಯಾರ್ಥಿಗಳು ಜನರನ್ನು ‘ಇಲ್ಲಿ ಲ್ಯಾಬ್ ತೆರೆದರೆ ಬರುತ್ತೀರಾ?’ ಎಂದು ಕೇಳುತ್ತಾರೆ. ಮುಖ ನೋಡಿ ಯಾರೂ ಇಲ್ಲವೆನ್ನುವುದಿಲ್ಲ. ಕೇಳಬೇಕಾದದ್ದು ಆಗಿಹೋದದ್ದನ್ನು: ಕಳೆದ ಸಲ ರಕ್ತ ಪರೀಕ್ಷೆ ಯಾವಾಗ ಮಾಡಿಸಿದಿರಿ, ಎಲ್ಲಿ, ಎಷ್ಟು ಹೊತ್ತು ಕಾದಿರಿ, ಅಲ್ಲಿಗೇ ಹೋಗಲು ಕಾರಣವೇನು, ಯಾರು ಹೇಳಿದರು. ಈ ಐದು ಉತ್ತರಗಳಿಂದ ಬರುವ ಅಂಕಿ ಚಿಕ್ಕದಿರುತ್ತದೆ, ಆದರೆ ನಂಬಬಹುದು. ‘ಜನಸಂಖ್ಯೆಯ ಶೇ 1 ನಮ್ಮಲ್ಲಿಗೆ ಬಂದರೂ ಸಾಕು’ ಎಂಬ ಸಾಲು ಯೋಜನಾ ವರದಿಯಲ್ಲಿ ಕಂಡರೆ ಅಂಕ ಕಳೆಯಬೇಕು.

ಯಾರು ಕಲಿಸಬೇಕು? ವಾಣಿಜ್ಯದ ಅಧ್ಯಾಪಕರಿಗೆ ಡೆಡ್ ವಾಲ್ಯೂಮ್ (ಬಾಟಲಿಯ ತಳದಲ್ಲಿ ಪೈಪೆಟ್ಟಿಗೆ ಸಿಗದೆ ಉಳಿಯುವ ಭಾಗ) ಗೊತ್ತಿರುವುದಿಲ್ಲ, ಲ್ಯಾಬಿನ ಬೋಧಕರಿಗೆ ನಗದು ಹರಿವಿನ ಪಟ್ಟಿ ಹಾಕಲು ಬರುವುದಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ನಿಂತು ಕಲಿಸುವುದು ಬಿಟ್ಟರೆ ಬೇರೆ ದಾರಿ ನಮಗೆ ಕಂಡಿಲ್ಲ. ವೃತ್ತಿ ಶಿಕ್ಷಣ ಸಂಸ್ಥೆಗಳಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ‘ನೋ ಅಬೌಟ್ ಬಿಸಿನೆಸ್’ ಇದೆ, ವ್ಯವಹಾರ ಶುರು ಮಾಡುವವರಿಗೆ ಅದರದೇ ‘ಸ್ಟಾರ್ಟ್ ಅಂಡ್ ಇಂಪ್ರೂವ್ ಯುವರ್ ಬಿಸಿನೆಸ್’ ಇದೆ. ಎರಡನೆಯದರ ಬೇರು 1970ರ ದಶಕದಲ್ಲಿ ಸ್ವೀಡನ್‌ನ ಮಾಲೀಕರ ಒಕ್ಕೂಟ ತಯಾರಿಸಿದ ತರಬೇತಿಯಲ್ಲಿದೆ. ಚೌಕಟ್ಟು ಗಟ್ಟಿಯಾಗಿದೆ, ಬಳಸಿಕೊಳ್ಳಬಹುದು. ಆದರೆ ಅವು ಎಲ್ಲ ಕಸುಬಿಗೂ ಹೊಂದುವಂತೆ ಬರೆದವು. ಒಳಗಿನ ಉದಾಹರಣೆಗಳನ್ನು ಆರೋಗ್ಯ ವೃತ್ತಿಯಿಂದ ನಾವೇ ತುಂಬಬೇಕು. ಗಂಟೆಗಳ ಹಂಚಿಕೆಯಲ್ಲಿ ನಮ್ಮ ಅಭಿಪ್ರಾಯ ಇಷ್ಟು: 40 ಗಂಟೆ ಸಿಕ್ಕರೆ 25 ಗಂಟೆ ಖರ್ಚು, ದರ, ನಗದು ಮತ್ತು ದಾಸ್ತಾನಿಗೇ ಹೋಗಲಿ. ಪರವಾನಗಿ, ತೆರಿಗೆ, ರೋಗಿಯ ದಾಖಲೆಯ ಗೌಪ್ಯತೆ, ತನ್ನ ಅರ್ಹತೆಯ ಮಿತಿಯೊಳಗೆ ಯಾವ ಸೇವೆ ಕೊಡಬಹುದು ಎಂಬುದಕ್ಕೆ 10 ಗಂಟೆ. ಉದ್ಯಮಿಯ ಗುಣಗಳಿಗೆ ಉಳಿದದ್ದರಲ್ಲಿ ಒಂದು ಗಂಟೆ ಸಾಕು. ಎಲ್ಲರೂ ಸ್ವಂತ ಘಟಕ ತೆರೆಯುವುದಿಲ್ಲ, ತೆರೆಯಬೇಕಾಗಿಯೂ ಇಲ್ಲ. ನೌಕರಿಗೆ ಸೇರಿದವರೂ ಕಿಟ್ ಆರ್ಡರ್ ಮಾಡುವವರೇ, ದರ ಇಳಿಸೋಣ ಎಂದು ಮಾಲೀಕ ಹೇಳಿದಾಗ ಅಂಕಿ ಮುಂದಿಟ್ಟು ಮಾತಾಡಬೇಕಾದವರೇ.

ಪರೀಕ್ಷೆ ಬದಲಾಗದೆ ಪಾಠ ಬದಲಾಗದು. ಈಗಿನ ಯೋಜನಾ ವರದಿ ಹಿರಿಯರದ್ದನ್ನು ನಕಲು ಮಾಡಿ ಹೆಸರು ತಿದ್ದಿದ್ದಾಗಿರುತ್ತದೆ. ಗುಂಪಿನಲ್ಲಿ ಒಬ್ಬ ಬರೆದು ನಾಲ್ವರು ಸಹಿ ಹಾಕುತ್ತಾರೆ. ಬದಲಿಗೆ ಪ್ರತಿ ವಿದ್ಯಾರ್ಥಿಗೂ ಬೇರೆ ಬೇರೆ ಅಂಕಿ ಕೊಡಿ: ಒಬ್ಬನಿಗೆ ದಿನಕ್ಕೆ 6 ರೋಗಿ, ಇನ್ನೊಬ್ಬಳಿಗೆ 14. ಬಾಟಲಿಯ ಅಳತೆ, ಉದ್ರಿಯ ತಿಂಗಳು ಬೇರೆ ಮಾಡಿ. ಎರಡು ಗಂಟೆಯಲ್ಲಿ ಒಂದು ಪರೀಕ್ಷೆಯ ಖರ್ಚು, ಅಸಲು ಗಿಟ್ಟುವ ಸಂಖ್ಯೆ, ಆರು ತಿಂಗಳ ನಗದು ಪಟ್ಟಿ ಮಾಡಿ ತೋರಿಸಲಿ, ಆಮೇಲೆ ಹತ್ತು ನಿಮಿಷ ಮೌಖಿಕ. ಬೇಕೆಂದೇ ತಪ್ಪು ತುಂಬಿದ ಒಂದು ನಗದು ಪುಸ್ತಕದ ಪುಟ ಕೊಟ್ಟು ತಪ್ಪು ಹುಡುಕಿಸುವುದೂ ಒಳ್ಳೆಯ ಪ್ರಶ್ನೆ: ಮನೆ ಬಾಡಿಗೆ ಲ್ಯಾಬಿನ ಖರ್ಚಿನಲ್ಲಿ ಬರೆದದ್ದು, ಬಾಕಿ ಬಿಲ್ಲನ್ನು ಬಂದ ಹಣವೆಂದು ಎಣಿಸಿದ್ದು, ಮುಂಗಡವನ್ನು ಲಾಭಕ್ಕೆ ಸೇರಿಸಿದ್ದು. ಜೊತೆಗೆ ಮೌಲ್ಯಮಾಪನದ ಸೂಚನೆಯಲ್ಲಿ ಒಂದು ಸಾಲು ಕಡ್ಡಾಯವಾಗಿ ಇರಬೇಕೆಂದು ಪಠ್ಯಕ್ರಮ ರೂಪಿಸುವವರನ್ನು ಕೇಳಿಕೊಳ್ಳುತ್ತೇವೆ: ಕೊಟ್ಟ ಅಂಕಿಗಳಲ್ಲಿ ಈ ಘಟಕ ತೆರೆಯಬಾರದು ಎಂದು ಲೆಕ್ಕ ಸಮೇತ ತೋರಿಸಿದ ವಿದ್ಯಾರ್ಥಿಗೆ, ತೆರೆಯಬಹುದು ಎಂದು ತೋರಿಸಿದವನಿಗೆ ಕೊಡುವಷ್ಟೇ ಅಂಕ ಕೊಡತಕ್ಕದ್ದು.

ಇಂತಿ ತಮ್ಮ ವಿಶ್ವಾಸಿಗಳು,
ಆರೋಗ್ಯ ವೃತ್ತಿ ಕೋರ್ಸುಗಳ ಬೋಧಕರು